ಮಳೆ ನಾಲ್ಕು ತಿಂಗಳು, ನಲ್ಲಿ ಹನ್ನೆರಡು ತಿಂಗಳು

2019ರ ಆಗಸ್ಟ್ ತಿಂಗಳನ್ನು ಗದಗ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಜನ ಇನ್ನೂ ಮರೆತಿಲ್ಲ. ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರದಂಥ ಊರುಗಳಿಗೆ ನುಗ್ಗಿದ್ದಳು. ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಸೀಮೆಯಲ್ಲೇ ಜನ ನೀರಿಗೆ ಹೆದರಿ ಮನೆ ಬಿಟ್ಟು ಹೊರಟಿದ್ದರು. ಅದೇ ದಿನಗಳಲ್ಲಿ ಘಟ್ಟದ ಆಚೆ ಗೋವಾದ ತಗ್ಗು ಪ್ರದೇಶಗಳೂ ನೀರಿನಲ್ಲಿ ನಿಂತಿದ್ದವು. ಅದಾಗಿ ಕೆಲವೇ ದಿನ ಕಳೆದಿತ್ತು. ಆಗಸ್ಟ್ ಮಧ್ಯದಲ್ಲಿ ಫೋಂಡಾ ಹತ್ತಿರದ ಖಾಂಡೆಪಾರದಲ್ಲಿ ಮಣ್ಣು ಕುಸಿದು, ಓಪಾ ಜಲ ಶುದ್ಧೀಕರಣ ಘಟಕದಿಂದ ಹೊರಟ ದೊಡ್ಡ ಪೈಪುಗಳು ಒಡೆದವು. ಪಣಜಿ ಸೇರಿದಂತೆ ತಿಸವಾಡಿ ಮತ್ತು ಫೋಂಡಾ ತಾಲ್ಲೂಕುಗಳ ನಲ್ಲಿಗಳು ಸುಮಾರು ಒಂದು ವಾರ ಒಣಗಿದವು. ಹೊರಗೆ ಧೋ ಎಂದು ಮಳೆ. ಮನೆಯೊಳಗೆ ಕೊಡ ಹಿಡಿದು ಟ್ಯಾಂಕರ್‌ಗಾಗಿ ಕಾಯುವ ಜನ.

ವರ್ಷಕ್ಕೆ ಸರಾಸರಿ ಸುಮಾರು 3,000 ಮಿ.ಮೀ. ಮಳೆ ಬೀಳುವ ರಾಜ್ಯ ಗೋವಾ. ನರಗುಂದ-ನವಲಗುಂದದ ಕಡೆ 600 ಮಿ.ಮೀ. ಆಸುಪಾಸು ಬಿದ್ದರೆ ದೊಡ್ಡದು. ಐದು ಪಟ್ಟು ಮಳೆಯಾಗುವ ಕಡೆ ನೀರಿನ ಕೊರತೆ ಎಂದರೆ ನಮ್ಮವರಿಗೆ ನಗು ಬರುತ್ತದೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಗೋವಾದ ಹಳ್ಳಿಗಳಲ್ಲಿ ಬಾವಿ ತಳ ಕಾಣುವುದು, ಕರಾವಳಿಯ ಹೋಟೆಲುಗಳ ಮುಂದೆ ಟ್ಯಾಂಕರ್‌ಗಳು ಸಾಲುಗಟ್ಟುವುದು, ಪಂಚಾಯಿತಿ ಕಚೇರಿಗೆ ಹೆಂಗಸರು ಖಾಲಿ ಕೊಡ ಹಿಡಿದು ಬರುವುದು ಎಲ್ಲವೂ ನಿಜ. ಈ ಒಗಟು ಬಿಡಿಸಬೇಕಾದರೆ ಎಷ್ಟು ನೀರು ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಯಾವಾಗಿನ ನೀರು ಎಂದು ಕೇಳಬೇಕು. ಕರ್ನಾಟಕದಲ್ಲಿ ಹುಟ್ಟಿ ಗೋವಾಕ್ಕೆ ಇಳಿಯುವ ಮಹದಾಯಿ ನದಿಯ ಕುರಿತು ಎರಡೂ ರಾಜ್ಯಗಳಲ್ಲಿ ಮೂರು ದಶಕ ಮಾತಾಡಿದ್ದೇವೆ. ಈ ಎರಡನೆಯ ಪ್ರಶ್ನೆಯನ್ನು ಜನರಿಗೆ ಹೇಳಿಕೊಡುವ ಕೆಲಸವನ್ನು ಮಾತ್ರ ಯಾರೂ ಸರಿಯಾಗಿ ಮಾಡಲಿಲ್ಲ.

ದೂಧಸಾಗರದಿಂದ ಆಲ್ತಿನೊವರೆಗೆ

ಹುಬ್ಬಳ್ಳಿಯಿಂದ ಲೋಂಡಾ ಮಾರ್ಗವಾಗಿ ವಾಸ್ಕೊಗೆ ಹೋಗುವ ರೈಲಿನಲ್ಲಿ ಕೂತವರೆಲ್ಲ ಕ್ಯಾಸಲ್‌ರಾಕ್ ದಾಟಿದ ಮೇಲೆ ಕಿಟಕಿಗೆ ಮುಗಿಬೀಳುತ್ತಾರೆ. ದೂಧಸಾಗರ ಜಲಪಾತ 300 ಮೀಟರಿಗೂ ಎತ್ತರದಿಂದ ಹಳಿಯ ಪಕ್ಕದಲ್ಲೇ ಧುಮುಕುತ್ತದೆ. ಫೋಟೊ ತೆಗೆದ ಮೇಲೆ ಆ ನೀರು ಎಲ್ಲಿಗೆ ಹೋಯಿತೆಂದು ಯಾರೂ ವಿಚಾರಿಸುವುದಿಲ್ಲ. ಅದು ಕುಳೆಂ ಊರಿನ ಕಡೆ ಇಳಿದು, ಖಾಂಡೆಪಾರ ನದಿ ಎಂಬ ಹೆಸರು ಪಡೆದು, ಓಪಾದಲ್ಲಿ ಪಂಪಿನ ಬಾಯಿಗೆ ಬರುತ್ತದೆ. ಗೋವಾದವರು ಮ್ಹಾದಯಿ, ಮಾಂಡವಿ ಎಂದು ಕರೆಯುವ ನಮ್ಮ ಮಹದಾಯಿಯ ದೊಡ್ಡ ಉಪನದಿ ಈ ಖಾಂಡೆಪಾರ. ಪಣಜಿಯ ಹೋಟೆಲಿನಲ್ಲಿ ನೀವು ಕುಡಿಯುವ ಲೋಟ ನೀರಿನಲ್ಲಿ ಕರ್ನಾಟಕದ ಕಾಡಿನ ಮಳೆಯೂ ಬೆರೆತಿರುತ್ತದೆ.

ಓಪಾದಲ್ಲಿ ನಡೆಯುವುದು ಎಲ್ಲ ಊರುಗಳ ಶುದ್ಧೀಕರಣ ಘಟಕಗಳಲ್ಲೂ ನಡೆಯುವ ಕೆಲಸವೇ. ನದಿಯ ನೀರಿಗೆ ಪಟಿಕ ಬೆರೆಸಿ ಕಲಕುತ್ತಾರೆ. ತೇಲುವ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿ ಮರಳಿನ ಸೋಸುಹಾಸಿನ ಮೂಲಕ ಇಳಿದು, ಕ್ಲೋರಿನ್ ಪಡೆದು, ಪಂಪಿನ ಒತ್ತಡದಲ್ಲಿ ಸುಮಾರು 30 ಕಿ.ಮೀ. ದೂರದ ಪಣಜಿಗೆ ಹೊರಡುತ್ತದೆ. ಜುಲೈಯಲ್ಲಿ ನೀರು ಕೆಂಪಗಿರುತ್ತದೆ, ಆಗ ಪಟಿಕ ಹೆಚ್ಚು ಬೇಕು. ಮೇ ತಿಂಗಳಲ್ಲಿ ನೀರು ತಿಳಿ, ಆದರೆ ಪಂಪಿನ ಬಾಯಿಗೆ ಬರುವಷ್ಟು ಇರುತ್ತದೆಯೇ ಎಂಬುದೇ ಚಿಂತೆ. ಆಗ ಮಹದಾಯಿಯ ಮುಖ್ಯ ಹರಿವಿನ ಮೇಲಿರುವ ಗಾಂಜೆ ಎಂಬಲ್ಲಿಂದ ನೀರೆತ್ತಿ ಓಪಾದ ಕೈಹಿಡಿಯಬೇಕಾಗುತ್ತದೆ.

ಪೋರ್ಚುಗೀಸರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಓಪಾದ ನೀರು ಬರುವ ಮುನ್ನ ಪಣಜಿ ಬದುಕಿದ್ದು ಆಲ್ತಿನೊ ಗುಡ್ಡದ ಬುಡದ ಒರತೆಗಳಿಂದ. ಫೀನಿಕ್ಸ್ ಒರತೆ, ‘ಬೊಕಾ ದ ವಾಕಾ’ ಒರತೆ ಎರಡೂ ಈಗಲೂ ಊರ ನಡುವೆಯೇ ಇವೆ. ಪ್ರವಾಸಿಗರು ಬಣ್ಣದ ಮನೆಗಳನ್ನು ನೋಡಲು ನುಗ್ಗುವ ಫೊಂಟೈನ್ಹಾಸ್ ಬಡಾವಣೆ ಬೆಳೆದದ್ದೇ ಅಂಥ ಒರತೆಯ ಸುತ್ತ. ಆಗ ನೀರು ಗುಡ್ಡದ ಬುಡದಿಂದ ತಾನಾಗಿ ಹೊರಬರುತ್ತಿತ್ತು. ಈಗ ವಿದ್ಯುತ್ ಖರ್ಚು ಮಾಡಿ, ದೂರದ ಹೊಳೆಯಿಂದ ತಂದು, ಅದೇ ಗುಡ್ಡದ ಮೇಲಿನ ಟ್ಯಾಂಕಿಗೆ ಏರಿಸುತ್ತಾರೆ. ಊರು ಬೆಳೆದ ಹಾಗೆ ಇದು ಅನಿವಾರ್ಯವಾಯಿತು. ಆದರೆ ಕಣ್ಣೆದುರಿನ ಒರತೆ ಕ್ಷೀಣಿಸಿದರೆ ತಕ್ಷಣ ತಿಳಿಯುತ್ತಿದ್ದ ಜನಕ್ಕೆ, ಈಗ ಪೈಪು ಒಡೆದ ದಿನವಷ್ಟೇ ತಮ್ಮ ನೀರು ಎಲ್ಲಿಂದ ಬರುತ್ತದೆಂಬುದು ನೆನಪಾಗುತ್ತದೆ.

188 ಟಿಎಂಸಿ ಮತ್ತು ಮೇ ತಿಂಗಳು

ಖಾನಾಪುರ ತಾಲ್ಲೂಕಿನ ದೇಗಾಂವ ಕಡೆಯ ಕಾಡಿನಲ್ಲಿ ಹುಟ್ಟುವ ಮಹದಾಯಿಯ ಜಲಾನಯನ ಪ್ರದೇಶ 2,032 ಚ.ಕಿ.ಮೀ. ಅದರಲ್ಲಿ 375 ಚ.ಕಿ.ಮೀ. ಕರ್ನಾಟಕದಲ್ಲಿದೆ, 77 ಚ.ಕಿ.ಮೀ. ಮಹಾರಾಷ್ಟ್ರದಲ್ಲಿದೆ, ಉಳಿದ 1,580 ಚ.ಕಿ.ಮೀ. ಗೋವಾದಲ್ಲಿದೆ. ಇಡೀ ಗೋವಾದ ವಿಸ್ತೀರ್ಣವೇ 3,702 ಚ.ಕಿ.ಮೀ. ಎಂದ ಮೇಲೆ, ರಾಜ್ಯದ ಶೇ 40ಕ್ಕೂ ಹೆಚ್ಚು ನೆಲದ ನೀರು ಈ ಒಂದೇ ನದಿಗೆ ಸೇರುತ್ತದೆ. ಅಲ್ಲಿಯವರು ಅವಳನ್ನು ತಾಯಿ ಎಂದು ಕರೆಯುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅಧ್ಯಕ್ಷತೆಯ ಮಹದಾಯಿ ಜಲ ವಿವಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ನೆಚ್ಚಿಕೊಳ್ಳಬಹುದಾದ ನದಿಯ ಇಳುವರಿ 188.06 ಟಿಎಂಸಿ ಎಂದು ಅದು ಲೆಕ್ಕ ಹಾಕಿತು. ಗೋವಾಕ್ಕೆ 24 ಟಿಎಂಸಿ, ಕರ್ನಾಟಕಕ್ಕೆ 13.42 ಟಿಎಂಸಿ, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಹಂಚಿತು. ನಮ್ಮ ಪಾಲಿನಲ್ಲಿ 8.02 ಟಿಎಂಸಿ ಜಲವಿದ್ಯುತ್ತಿಗೆ, 1.5 ಟಿಎಂಸಿ ಜಲಾನಯನದೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.90 ಟಿಎಂಸಿ. ತೀರ್ಪು 2020ರ ಫೆಬ್ರುವರಿಯಲ್ಲಿ ಅಧಿಸೂಚನೆಯಾಯಿತು. ಕಳಸಾ-ಬಂಡೂರಿಯ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ತೀರ್ಪನ್ನು ಪ್ರಶ್ನಿಸಿ ರಾಜ್ಯಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ.

188ರಲ್ಲಿ 3.90 ಎಂದರೆ ಸುಮಾರು ಶೇ 2. ನಮ್ಮ ಕಡೆಯ ಸಭೆಗಳಲ್ಲಿ ಈ ಅಂಕಿ ಬಂದ ಕೂಡಲೇ ಚಪ್ಪಾಳೆ ಬೀಳುತ್ತದೆ: ಸಮುದ್ರದ ಪಾಲಾಗುವ ನೀರಿನಲ್ಲಿ ನೂರಕ್ಕೆ ಎರಡು ಪಾಲು ಕೊಟ್ಟರೆ ಗೋವಾದ ಗಂಟೇನು ಹೋಗುತ್ತದೆ? ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ವರ್ಷದ ಲೆಕ್ಕ. ಗೋವಾದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ವರ್ಷದ ಸಂಬಳವನ್ನೆಲ್ಲ ಆ ನಾಲ್ಕು ತಿಂಗಳಲ್ಲೇ ಕೈಗಿಟ್ಟು, ಮುಂದಿನ ಜೂನ್‌ವರೆಗೆ ಸಂಸಾರ ತೂಗಿಸು ಎಂದ ಹಾಗೆ. ಜುಲೈಯ ಮಾಂಡವಿಯನ್ನು ನೋಡಿದವನಿಗೆ ಅವಳು ಕಡಲು. ಏಪ್ರಿಲ್‌ನಲ್ಲಿ ಅವಳ ಮೇಲ್ಭಾಗದ ಸಿಹಿನೀರಿನ ಹರಿವು ಮಳೆಗಾಲದ ಪಕ್ಕದಲ್ಲಿಟ್ಟರೆ ಲೆಕ್ಕಕ್ಕೇ ಸಿಗದಷ್ಟು. ಮಳೆಗಾಲದ ನೀರನ್ನಷ್ಟೇ ಕೇಳುತ್ತಿದ್ದೇವೆ ಎನ್ನುವುದು ಕರ್ನಾಟಕದ ವಾದ. ಹಳ್ಳದ ತಲೆಗೆ ಕೈ ಹಾಕಿದರೆ ಬೇಸಿಗೆಯ ಜಿನುಗೂ ನಿಲ್ಲುತ್ತದೆ ಎನ್ನುವುದು ಗೋವಾದ ಭಯ. ಒಬ್ಬರು ವರ್ಷದ ಮೊತ್ತ ಹಿಡಿದು, ಇನ್ನೊಬ್ಬರು ಮೇ ತಿಂಗಳ ಹರಿವು ಹಿಡಿದು ಮಾತಾಡುವವರೆಗೆ ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಗೆಲ್ಲುತ್ತಲೇ ಇರುತ್ತಾರೆ.

ಇಲ್ಲಿ ಇನ್ನೊಂದು ಅಂಕಿಯನ್ನೂ ನೋಡಬೇಕು. ಮಲಪ್ರಭೆಗೆ ಕಟ್ಟಿದ ಸವದತ್ತಿಯ ನವಿಲುತೀರ್ಥ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಗೋವಾದ ಅತಿ ದೊಡ್ಡ ಜಲಾಶಯ ಸಾಂಗೆ ತಾಲ್ಲೂಕಿನ ಸಾಳಾವಲಿ ಹಿಡಿಯುವುದು ಸುಮಾರು 8 ಟಿಎಂಸಿ, ಅದೂ ಝುವಾರಿ ನದಿಯ ಜಲಾನಯನದಲ್ಲಿದೆ. ಮಹದಾಯಿ ಕಡೆಗೆ ಬಂದರೆ, ಚೋರ್ಲಾ ಘಟ್ಟ ಇಳಿಯುವಾಗ ಕಾಣುವ ಅಂಜುಣೆ ಜಲಾಶಯದ್ದು ಸುಮಾರು ಒಂದೂವರೆ ಟಿಎಂಸಿ. ನಮ್ಮದು ಮಳೆ ಕಡಿಮೆ, ಪಾತ್ರೆ ದೊಡ್ಡದು. ಎಷ್ಟೋ ವರ್ಷ ಆ ಪಾತ್ರೆ ತುಂಬುವುದೇ ಇಲ್ಲ. ಗೋವಾದ್ದು ಮಳೆ ಹೆಚ್ಚು, ಪಾತ್ರೆ ಚಿಕ್ಕದು. ತುಂಬಿದ ಮೇಲೆ ಮಿಕ್ಕದ್ದೆಲ್ಲ ಅರಬ್ಬಿ ಸಮುದ್ರಕ್ಕೆ. ಎರಡೂ ಕಡೆ ಬರಗಾಲವೇ, ಆದರೆ ಎರಡರ ಜಾತಿ ಬೇರೆ.

ನೀರನ್ನು ತಡಮಾಡಿಸುವ ಕಲೆ

ದೊಡ್ಡ ಅಣೆಕಟ್ಟಿಗೆ ಜಾಗವಿಲ್ಲದ ಸೀಮೆಯಲ್ಲಿ ನೀರು ಉಳಿಯಬೇಕಾದರೆ ಅದು ತಡವಾಗಿ ಹರಿಯಬೇಕು. ಘಟ್ಟದ ಕಾಡು ಮೊದಲು ಮಾಡುವುದು ಅದನ್ನೇ. ಬಿದ್ದ ಮಳೆ ಎಲೆ, ತೊಗಟೆ, ತರಗು, ಬೇರುಗಳ ನಡುವೆ ಸುಳಿದು ಮಣ್ಣಿಗೆ ಇಳಿಯುವಷ್ಟರಲ್ಲಿ ಅದರ ಅವಸರ ಮುರಿದಿರುತ್ತದೆ. ಅಲ್ಲಿ ಇಂಗಿದ ನೀರು ಡಿಸೆಂಬರ್-ಜನವರಿಯಲ್ಲೂ ಹಳ್ಳಕ್ಕೆ ಜಿನುಗುತ್ತಿರುತ್ತದೆ. ಗೋವಾ 1999ರಲ್ಲಿ 208 ಚ.ಕಿ.ಮೀ.ನ ಮ್ಹಾದಯಿ ವನ್ಯಧಾಮ ಘೋಷಿಸಿತು. ಗಡಿಯ ಈಚೆ ಕರ್ನಾಟಕ 2011ರಲ್ಲಿ 190 ಚ.ಕಿ.ಮೀ.ನ ಭೀಮಗಡ ವನ್ಯಧಾಮ ಘೋಷಿಸಿತು. ಕಣಕುಂಬಿಯ ದಿಬ್ಬದ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಮಲಪ್ರಭೆಯಾಗಿ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇನ್ನೊಂದು ಪಾಲು ಕಳಸಾ ಹಳ್ಳವಾಗಿ ಪಶ್ಚಿಮಕ್ಕೆ ಇಳಿಯುತ್ತದೆ. ಈ ಕಾಡು ಬೋಳಾದರೆ ನವಿಲುತೀರ್ಥಕ್ಕೆ ಹೂಳು ಬರುತ್ತದೆ, ಗೋವಾದ ಹಳ್ಳ ಬೇಗ ಒಣಗುತ್ತದೆ. ಇದರಲ್ಲಿ ಮಾತ್ರ ಎರಡೂ ರಾಜ್ಯಗಳ ಲಾಭ-ನಷ್ಟ ಒಂದೇ.

ಕಾಡಿನ ಕೆಳಗೆ ಚಿರೆಕಲ್ಲಿನ ಗುಡ್ಡಗಳು. ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿರೆಕಲ್ಲು ತೂತುತೂತಾದ ಕಲ್ಲು. ಜೂನ್‌ನಲ್ಲಿ ಹೊಟ್ಟೆ ತುಂಬ ನೀರು ಕುಡಿಯುತ್ತದೆ, ಕೆಳಗಿನ ಜೇಡಿಪದರ ಮುಟ್ಟಿದ ಮೇಲೆ ಅಡ್ಡಕ್ಕೆ ಸರಿದು ಗುಡ್ಡದ ಬುಡದಲ್ಲಿ ಝರಿಯಾಗಿ ಬಿಟ್ಟುಬಿಡುತ್ತದೆ. ಎಷ್ಟು ಬೇಗ ತುಂಬುತ್ತದೋ ಅಷ್ಟೇ ಬೇಗ ಖಾಲಿಯೂ ಆಗುತ್ತದೆ. ಡಿಚೋಲಿ, ಸತ್ತರಿ, ಸಾಂಗೆ ಕಡೆಯ ಗಣಿ ಪ್ರದೇಶಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿತು: ಚಿರೆಕಲ್ಲಿನ ಕೆಳಗಿನ ಪುಡಿ ಅದಿರಿನ ಪದರವೇ ನೀರು ಹಿಡಿದಿಡುವ ಪದರ. ಅದಿರಿಗಾಗಿ ಆಳಕ್ಕೆ ಅಗೆದು, ಗುಂಡಿಯ ನೀರನ್ನು ಪಂಪಿನಿಂದ ಹೊರಚೆಲ್ಲಿದಾಗ ಸುತ್ತಲಿನ ಬಾವಿಗಳ ನೀರೂ ಅದರ ಜೊತೆ ಇಳಿಯಿತು.

ಇದನ್ನು ತಿಳಿದರೆ ಮಳೆಕೊಯ್ಲಿನ ಪಾಠವೂ ಬದಲಾಗುತ್ತದೆ. ನೂರು ಚದರ ಮೀಟರಿನ ಒಂದು ಚಾವಣಿಯ ಮೇಲೆ ಗೋವಾದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಲೀಟರ್ ಸುರಿಯುತ್ತದೆ, ನವಲಗುಂದದಲ್ಲಿ ಸುಮಾರು 60 ಸಾವಿರ ಲೀಟರ್. ಹಾಗಾದರೆ ಗೋವಾದಲ್ಲಿ ಮಳೆಕೊಯ್ಲು ಐದು ಪಟ್ಟು ಲಾಭವೇ? ಅಷ್ಟು ಸರಳವಿಲ್ಲ. ಜುಲೈಯಲ್ಲಿ ಅಲ್ಲಿನ ಬಾವಿ ತಾನಾಗಿಯೇ ಕಟ್ಟೆಯ ಮಟ್ಟಕ್ಕೆ ಬಂದಿರುತ್ತದೆ. ಅದಕ್ಕೆ ಚಾವಣಿಯ ನೀರು ಬಿಟ್ಟರೆ ಉಕ್ಕಿ ಹೊಳೆಗೆ ಹೋಗುತ್ತದೆ. ಒಣನೆಲದ ನಮ್ಮ ಕಡೆ ಮೊದಲ ಮಳೆಯ ಹನಿಯನ್ನು ಹಿಡಿಯುವುದು ಜಾಣತನ. ಗೋವಾದಂಥ ಕಡೆ ಕೊನೆಯ ಮಳೆಯ ಹನಿಯನ್ನು ಹಿಡಿಯಬೇಕು.

ಆ ಕೆಲಸಕ್ಕೆ ಇರುವುದೇ ಬಂಧಾರಾ, ನಮ್ಮ ಕರಾವಳಿಯವರು ಕಿಂಡಿ ಅಣೆಕಟ್ಟು ಎನ್ನುವುದು. ಹೊಳೆಗೆ ಅಡ್ಡಲಾಗಿ ಕಂಬಗಳ ಸಾಲು, ಕಂಬಗಳ ನಡುವೆ ಹಲಗೆ ಇಳಿಸುವ ಕಿಂಡಿಗಳು. ಮಳೆಗಾಲದಲ್ಲಿ ಹಲಗೆ ತೆಗೆದಿಟ್ಟರೆ ನೆರೆ ಸರಾಗವಾಗಿ ಹೋಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಹಲಗೆ ಇಳಿಸಿ, ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬಿದರೆ ಹೊಳೆಯ ಪಾತ್ರದಲ್ಲೇ ನೀರು ನಿಲ್ಲುತ್ತದೆ. ಒಂದು ಬಂಧಾರಾ ಹಿಡಿಯುವ ನೀರು ದೊಡ್ಡದೇನಲ್ಲ. ಆದರೆ ನಿಂತ ನೀರು ಎರಡೂ ದಡದ ನೆಲಕ್ಕೆ ಒತ್ತಿ ಇಳಿಯುತ್ತದೆ, ಬಾವಿಗಳ ನೀರು ಕೆಲವು ವಾರ ತಡವಾಗಿ ಕೆಳಗಿಳಿಯುತ್ತದೆ. ಜಾಣತನವೆಲ್ಲ ಹಲಗೆ ಇಳಿಸುವ ದಿನದಲ್ಲಿದೆ. ಅವಸರ ಮಾಡಿದರೆ ಹಿಂಗಾರಿನ ಒಂದು ಜಡಿಮಳೆ ಬಂದು ಹಲಗೆಯನ್ನೂ ದಡದ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಇಲ್ಲವೆ ಹಿಂದೆ ಹೂಳು ತುಂಬುತ್ತದೆ. ಟೆಂಡರು, ಮಂಜೂರಾತಿ ಎಂದು ತಡಮಾಡಿದರೆ ಹೊಳೆ ಆಗಲೇ ತೆಳುವಾಗಿರುತ್ತದೆ. ಬೆಳಗ್ಗೆ ಸಂಜೆ ಹೊಳೆ ನೋಡುವ ದಡದ ರೈತನಿಗೆ ಆ ದಿನ ಯಾವುದೆಂದು ಗೊತ್ತಿರುತ್ತದೆ. ಕಚೇರಿಯ ಕ್ಯಾಲೆಂಡರಿಗೆ ಗೊತ್ತಿರುವುದಿಲ್ಲ.

ಸತ್ತರಿಯ ಹಳ್ಳಿಗರು ಚಳಿಗಾಲದ ವಾಯಂಗಣ ಬೆಳೆಗೆ ಹಿಂದಿನಿಂದಲೂ ಮಣ್ಣಿನ ಒಡ್ಡು ಕಟ್ಟಿಕೊಂಡು ಬಂದಿದ್ದಾರೆ. ಕಾಸರಗೋಡಿನ ಏತಡ್ಕದ ನಮ್ಮ ಕೃಷಿಕರು ತೋಟಕ್ಕಾಗಿ ಸಾಲುಸಾಲು ‘ಕಟ್ಟ’ಗಳನ್ನು ಕಟ್ಟುವುದನ್ನು ಪತ್ರಕರ್ತ ಶ್ರೀ ಪಡ್ರೆ ನಾಡಿಗೆಲ್ಲ ತಿಳಿಸಿದರು. ಮೇಲಿನವನು ಕಟ್ಟಿದರೆ ಕೆಳಗಿನವನಿಗೂ ಒರತೆ ಉಳಿಯುತ್ತದೆ ಎಂಬ ಲೆಕ್ಕ ಅಲ್ಲಿ ಪ್ರತಿ ವರ್ಷ ಕಣ್ಣಿಗೆ ಬೀಳುತ್ತದೆ. ಮೇಲಿನವನು ತಡೆದರೆ ಕೆಳಗಿನವನಿಗೆ ನಷ್ಟ ಎಂದಷ್ಟೇ ಕೇಳಿಕೊಂಡು ಬಂದ ಮಹದಾಯಿಯ ಕಕ್ಷಿದಾರರು ಹೋಗಿ ನೋಡಬೇಕಾದ ಜಾಗ ಅದು.

ಉಪ್ಪು ಎಲ್ಲಿಯವರೆಗೆ?

ಬಯಲುಸೀಮೆಯವರ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಗೋವಾದ ನದಿಗಳಲ್ಲಿದೆ: ಅವು ಎರಡೂ ಕಡೆಗೆ ಹರಿಯುತ್ತವೆ. ಮಾಂಡವಿಯಲ್ಲಿ ಸಮುದ್ರದ ಉಬ್ಬರ ನದಿಯ ಬಾಯಿಯಿಂದ ಸುಮಾರು 50 ಕಿ.ಮೀ. ಒಳಗೆ, ಗಾಂಜೆಯ ಆಸುಪಾಸಿನವರೆಗೂ ತಿಳಿಯುತ್ತದೆ. ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಉಬ್ಬರ-ಇಳಿತವನ್ನೂ ಉಪ್ಪಿನ ಓಡಾಟವನ್ನೂ ವರ್ಷಗಟ್ಟಲೆ ಅಳೆದಿದ್ದಾರೆ. ಮಳೆಗಾಲದಲ್ಲಿ ಮೇಲಿನಿಂದ ಬರುವ ಸಿಹಿನೀರಿನ ರಭಸಕ್ಕೆ ಉಪ್ಪುನೀರು ನದಿಯ ಬಾಯಿಯವರೆಗೆ ಹಿಮ್ಮೆಟ್ಟುತ್ತದೆ. ಆ ರಭಸ ತಗ್ಗಿದ ಹಾಗೆ ಅದು ತಿಂಗಳು ತಿಂಗಳಿಗೂ ಒಳಗೆ ಸರಿಯುತ್ತ, ಮೇ ಹೊತ್ತಿಗೆ ಬಹುದೂರ ಬಂದಿರುತ್ತದೆ. ಸಮುದ್ರಕ್ಕೆ ಹೋದ ನೀರೆಲ್ಲ ಪೋಲು ಎಂಬ ಮಾತು ಇಲ್ಲಿ ಮುಗ್ಗರಿಸುತ್ತದೆ. ಬೇಸಿಗೆಯಲ್ಲಿ ಹರಿದುಹೋಗುವ ಪ್ರತಿ ಕೊಡವೂ ಉಪ್ಪನ್ನು ತಡೆದು ನಿಲ್ಲಿಸುವ ಕೆಲಸ ಮಾಡಿಯೇ ಹೋಗಿರುತ್ತದೆ.

ಈ ಉಪ್ಪಿನೊಡನೆ ಬದುಕುವ ವಿದ್ಯೆ ಗೋವಾಕ್ಕೆ ಹಳೆಯದು. ನದಿಯ ಅಂಚಿನ ತಗ್ಗು ಗದ್ದೆಗಳನ್ನು ಅಲ್ಲಿ ಖಾಜನ್ ಎನ್ನುತ್ತಾರೆ; ನಮ್ಮ ಕುಮಟಾ ಕಡೆ ಅಘನಾಶಿನಿಯ ದಂಡೆಯಲ್ಲಿ ಗಜನಿ. ಅಲ್ಲಿ ಉಪ್ಪು ತಾಳುವ ಕೊರ್ಗುಟ್ ಭತ್ತ, ಇಲ್ಲಿ ಕಗ್ಗ. ಮಣ್ಣು, ಹುಲ್ಲು, ಚಿರೆಕಲ್ಲಿನ ಒಡ್ಡು ಕಟ್ಟಿ ನದಿಯ ಉಪ್ಪುನೀರನ್ನು ಹೊರಗಿಡುತ್ತಾರೆ. ಒಡ್ಡಿನಲ್ಲಿ ಒಂದು ಕಡೆ ಮರದ ತೂಬು, ಅದರ ಹೆಸರು ಮಾನಸ್. ಅದರ ಬಾಗಿಲುಗಳ ಕೆಲಸ ಹತ್ತಿರ ನಿಂತು ನೋಡಬೇಕು. ಬಾಗಿಲನ್ನು ನದಿಯ ಕಡೆಗೆ ಮಾತ್ರ ತೆರೆಯುವಂತೆ ಜೋಡಿಸಿರುತ್ತಾರೆ. ಉಬ್ಬರ ಏರಿದಾಗ ನದಿಯ ನೀರೇ ಹೊರಗಿನಿಂದ ಒತ್ತಿ ಬಾಗಿಲನ್ನು ಮುಚ್ಚುತ್ತದೆ. ಇಳಿತದಲ್ಲಿ ಹೊರಗಿನ ಮಟ್ಟ ತಗ್ಗುತ್ತಲೇ ಗದ್ದೆಯ ಮಳೆನೀರು ಒಳಗಿನಿಂದ ಒತ್ತಿ ಅದನ್ನು ತೆರೆಯುತ್ತದೆ. ದಿನಕ್ಕೆರಡು ಬಾರಿ ಚಂದ್ರನ ಲೆಕ್ಕದಲ್ಲಿ ಕೆಲಸ. ಕರೆಂಟೂ ಬೇಡ, ಕಾವಲುಗಾರನೂ ಬೇಡ.

ಒಡ್ಡನ್ನು ಕಾಯಲು ಮಾತ್ರ ಊರು ಬೇಕು. ಗಾಂವಕಾರಿ ಎಂಬ ಹಳ್ಳಿ ಸಮುದಾಯ ಈ ಹೊಣೆ ಹೊತ್ತಿತ್ತು. ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯಾ 1526ರಲ್ಲಿ ಬರೆಸಿದ ಹಳ್ಳಿ ಕಟ್ಟಳೆಗಳ ದಾಖಲೆ ಈ ವ್ಯವಸ್ಥೆಯನ್ನು ಕಾಗದಕ್ಕಿಳಿಸಿತು. ಮುಂದೆ ಅದಕ್ಕೆ ಕೊಮುನಿದಾದ್ ಎಂಬ ಹೆಸರು ಬಂತು. 1964ರ ಗೇಣಿ ಕಾನೂನಿನ ನಂತರ ಉಳುವವನಿಗೆ ನ್ಯಾಯ ಸಿಕ್ಕಿತು. ಆದರೆ ಒಡ್ಡಿನ ಹೊಣೆ ಗೇಣಿದಾರರ ಸಂಘಗಳಿಗೂ ಇಲಾಖೆಗಳಿಗೂ ಹಂಚಿಹೋಗಿ, ಬಹಳ ಕಡೆ ಯಾರದ್ದೂ ಅಲ್ಲದಂತಾಯಿತು. ಒಡ್ಡು ಒಡೆದ ಕಡೆ ಉಪ್ಪು ಗದ್ದೆಗೆ ಬಂತು, ಗದ್ದೆಯಿಂದ ಹಿತ್ತಲ ಬಾವಿಗೂ ಬಂತು.

ಕಡಲಂಚಿನ ಬಾವಿಗಳಿಗೆ ಉಪ್ಪು ಬರುವುದಕ್ಕೆ ಇನ್ನೊಂದು ದಾರಿಯೂ ಇದೆ. ಕಲಂಗುಟ್, ಕಾಂದೋಳಿಯಂಥ ಕಡೆ ಮರಳಿನಡಿಯ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿನೀರು ಇರುತ್ತದೆ ಎಂಬುದು ಜಲವಿಜ್ಞಾನದ ಹಳೆಯ ಸೂತ್ರ. ಪಂಪು ಹಚ್ಚಿ ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿ ಮೇಲೆ ಬರುತ್ತದೆ. ಗೋವಾ 2002ರಲ್ಲೇ ಅಂತರ್ಜಲ ನಿಯಂತ್ರಣ ಕಾಯ್ದೆ ತಂದಿತು. ಆದರೆ 2011ರ ಜನಗಣತಿಯಲ್ಲಿ 14.58 ಲಕ್ಷ ಜನರಿದ್ದ ಆ ರಾಜ್ಯಕ್ಕೆ 2024ರಲ್ಲಿ ಬಂದ ಪ್ರವಾಸಿಗರ ಸಂಖ್ಯೆ ಒಂದು ಕೋಟಿ ದಾಟಿತು. ಶಾಲೆಗೆ ರಜೆ ಎಂದು ನಾವು ಮಕ್ಕಳನ್ನು ಕರೆದುಕೊಂಡು ಹೋಗುವುದು ಮೇ ತಿಂಗಳಲ್ಲೇ, ನೀರು ಅತಿ ಕಡಿಮೆ ಇರುವಾಗಲೇ. ಮಹದಾಯಿಗಾಗಿ ನರಗುಂದದಲ್ಲಿ ಘೋಷಣೆ ಕೂಗಿದವನೇ ಪಣಜಿಯ ಹೋಟೆಲಿನಲ್ಲಿ ದಿನಕ್ಕೆ ಮೂರು ಸಲ ಶವರ್ ಬಿಡುತ್ತಾನೆ. ಎರಡೂ ಒಂದೇ ನದಿಯ ನೀರಿನ ಮಾತು ಎಂದು ಅವನಿಗೆ ಯಾರೂ ಹೇಳಿಲ್ಲ.

ಸಾಳಾವಲಿಯ ಋಣ

ದಕ್ಷಿಣ ಗೋವಾದ ಕಥೆ ಬೇರೆ. ಸಾಸಷ್ಟಿ, ಮುರಗಾಂವ, ಕೆಪೆ, ಸಾಂಗೆ ತಾಲ್ಲೂಕುಗಳು ಕುಡಿಯುವುದು ಸಾಳಾವಲಿಯ ನೀರು. ಬಾತುಕೋಳಿಯ ಕೊಕ್ಕಿನಂತೆ ಬಾಗಿದ ಅದರ ಕೋಡಿಯಲ್ಲಿ ನೀರು ಸುತ್ತಿ ಇಳಿಯುವುದನ್ನು ನೋಡಲು ಮಳೆಗಾಲದಲ್ಲಿ ಜನ ಸೇರುತ್ತಾರೆ. ಆ ಜಲಾಶಯದ ಅಡಿಯಲ್ಲಿ ಕುರ್ಡಿ ಎಂಬ ಊರಿದೆ. ಕಿಶೋರಿ ಅಮೋಣಕರರ ತಾಯಿ, ಗಾಯಕಿ ಮೊಗುಬಾಯಿ ಕುರ್ಡೀಕರ್ ಹುಟ್ಟಿದ ಊರು. ಪ್ರತಿ ಬೇಸಿಗೆಯ ಕೊನೆಗೆ ನೀರು ಇಳಿದಾಗ ಮನೆಗಳ ಪಾಯ, ಗುಡಿಯ ಕಟ್ಟೆ ಕಾಣಿಸಿಕೊಳ್ಳುತ್ತವೆ. ಒಕ್ಕಲೆದ್ದು ಹೋದವರು ಬಂದು ಪೂಜೆ ಮಾಡಿ ಹಿಂದಿರುಗುತ್ತಾರೆ.

ಸಾಳಾವಲಿಯ ಪೈಪು ಹೋಗಿ ಮುಟ್ಟುವ ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಕಡಿಮೆಯಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಮೆಗೆ ಬಂದು ಬಂದರು, ಕಟ್ಟಡ, ಮೀನುಪೇಟೆಯ ಕೆಲಸ ಹಿಡಿದವರು ಅವರು. ಊರಿನ ಹೊಲಕ್ಕೆ ಮಹದಾಯಿಯ ನೀರು ಬರಲಿ ಎಂಬ ಆಸೆ, ಇಲ್ಲಿನ ಬೀದಿನಲ್ಲಿಗೆ ಹೊತ್ತಿಗೆ ಸರಿಯಾಗಿ ನೀರು ಬರಲಿ ಎಂಬ ಚಿಂತೆ ಎರಡೂ ಒಂದೇ ಮನೆಯಲ್ಲಿ ಇರುತ್ತವೆ. ಎರಡೂ ರಾಜ್ಯಗಳ ನಡುವೆ ನೀರಿನ ಮಾತು ಆಡಬಲ್ಲವರು ಯಾರಾದರೂ ಇದ್ದರೆ ಇವರೇ. ಇವರನ್ನು ಮಾತ್ರ ಯಾವ ಸಮಿತಿಯೂ ಕರೆದು ಕೇಳಿಲ್ಲ.

ಏನನ್ನು ಕಲಿಸಬೇಕು?

ನೀರಿನ ಪಾಠ ಹೇಳುವುದರಲ್ಲಿ ಗೋವಾ ಕೈಕಟ್ಟಿ ಕೂತಿಲ್ಲ. 2022ರ ಆಗಸ್ಟ್‌ನಲ್ಲಿ ಅದು ‘ಹರ್ ಘರ್ ಜಲ್’ ಪ್ರಮಾಣಪತ್ರ ಪಡೆದ ದೇಶದ ಮೊದಲ ರಾಜ್ಯವಾಯಿತು. ಅದಕ್ಕೂ ಮುಂಚೆ, 2021ರ ಸೆಪ್ಟೆಂಬರ್ 1ರಿಂದ, ತಿಂಗಳಿಗೆ 16 ಸಾವಿರ ಲೀಟರ್ ಒಳಗೆ ಬಳಸುವ ಮನೆಗೆ ನೀರು ಪುಕ್ಕಟೆ ಎಂಬ ಯೋಜನೆ ತಂದಿತು. ಉಳಿಸಿದರೆ ಪುಕ್ಕಟೆ ಎಂಬುದು ಅದರ ಘೋಷವಾಕ್ಯವಾಗಿತ್ತು. ದಿನಕ್ಕೆ ಲೆಕ್ಕ ಹಾಕಿದರೆ ಮನೆಗೆ 533 ಲೀಟರ್. ನಾಲ್ಕು ಜನರಿದ್ದರೆ ತಲೆಗೆ 133 ಲೀಟರ್. ದೊಡ್ಡ ನಗರಗಳಿಗೆ ಯೋಜನೆ ಮಾಡುವಾಗ ಇಟ್ಟುಕೊಳ್ಳುವ 135 ಲೀಟರ್‌ಗೆ ಇದು ಬಹುತೇಕ ಸಮ, ಜಲಜೀವನ ಮಿಷನ್ ಹಳ್ಳಿಗೆ ಇಟ್ಟುಕೊಂಡ 55 ಲೀಟರ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಒಂದು ಮಿತಿ ಇಟ್ಟು ಜನ ತಮ್ಮ ಮೀಟರ್ ನೋಡುವಂತೆ ಮಾಡಿದ್ದು ಒಳ್ಳೆಯ ಉಪಾಯ. ಆದರೆ ಜುಲೈಗೂ ಮೇ ತಿಂಗಳಿಗೂ ಒಂದೇ ಮಿತಿ ಇಟ್ಟದ್ದರಿಂದ ಮೇ ತಿಂಗಳ ಲೀಟರ್ ಹೆಚ್ಚು ಬೆಲೆಯದು ಎಂಬ ಪಾಠ ಬಿಟ್ಟುಹೋಯಿತು.

ಕಾಲದ ಈ ಪಾಠ ಜನರಿಗೆ ಹೊಸದೇನಲ್ಲ. ಜೂನ್ 24ರ ಸಾಂವ್ ಜುವಾಂವ್ ಹಬ್ಬದಂದು ಗೋವಾದ ಕ್ರೈಸ್ತರು ತಲೆಗೆ ಹೂಬಳ್ಳಿಯ ಕಿರೀಟ ಇಟ್ಟು, ತುಂಬಿದ ಬಾವಿಗೆ ಹಾರುತ್ತಾರೆ. ಹಬ್ಬಕ್ಕೆ ಮೊದಲು ಬಾವಿ ಸ್ವಚ್ಛವಾಗಿರಬೇಕು, ಎಷ್ಟು ನೀರು ಬಂದಿದೆ ಎಂದು ತಿಳಿದಿರಬೇಕು; ಇಲ್ಲದಿದ್ದರೆ ಹಾರುವವನ ಗತಿಯೇನು? ನಮ್ಮಲ್ಲಿ ಬಾಣಂತಿ ಗಂಗೆಪೂಜೆಗೆ ಬಾವಿಗೆ ಹೋಗುವುದೂ ನೀರಿನ ಮೂಲಕ್ಕೆ ಮುಖ ತೋರಿಸಿ ಬರುವ ಕ್ರಮವೇ. ಇವು ನೀರು ಉಳಿಸಿ ಎಂಬ ಗೋಡೆಬರಹಕ್ಕಿಂತ ಚೆನ್ನಾಗಿ ಕಲಿಸುತ್ತವೆ. ಸೋರುವ ನಲ್ಲಿಯಿಂದ ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ ಸುಮಾರು 20 ಲೀಟರ್ ಪೋಲಾಗುತ್ತದೆ ಎಂದು ಮಕ್ಕಳಿಗೆ ಹೇಳುವುದು ಸರಿ. ಆ ನಲ್ಲಿಯ ನೀರು ಯಾವ ಹೊಳೆಯದು, ಆ ಹೊಳೆ ಈ ತಿಂಗಳು ಹೇಗಿದೆ ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಪ್ರತಿ ಶಾಲೆಯ ಗೋಡೆಯ ಮೇಲೆ ಆ ಊರಿನ ನಲ್ಲಿಯಿಂದ ಹಿಡಿದು ಹೊಳೆಯ ತಲೆಯವರೆಗಿನ ಒಂದು ನಕ್ಷೆ ಸಾಕು. ಅಕ್ಟೋಬರ್‌ನಿಂದ ಮೇವರೆಗೆ ಶಾಲೆಯ ಬಾವಿಗೆ ಹಗ್ಗ ಇಳಿಸಿ ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆದು ಬರೆದಿಟ್ಟರೆ, ಮೂರು ವರ್ಷದಲ್ಲಿ ಏಳನೆಯ ತರಗತಿಯ ಮಕ್ಕಳಿಗೇ ತಮ್ಮ ಊರಿನ ಅಂತರ್ಜಲ ಎಷ್ಟು ದಿನ ತಾಳುತ್ತದೆಂದು ಗೊತ್ತಾಗುತ್ತದೆ. ಹೋಟೆಲು ಕೋಣೆಯ ಬಾಗಿಲಿಗೆ ‘ತೊಂದರೆ ಕೊಡಬೇಡಿ’ ಎಂದು ನೇತುಹಾಕುವ ಫಲಕದ ಹಿಂದೆಯೇ, ಈ ಕೋಣೆಯ ನೀರು ಎಲ್ಲಿಂದ ಬಂತು ಎಂದು ಕನ್ನಡ, ಹಿಂದಿ, ಕೊಂಕಣಿಗಳಲ್ಲಿ ಎರಡು ಸಾಲು ಬರೆಸಬಹುದು.

ಇದಕ್ಕಿಂತ ದೊಡ್ಡ ಕೆಲಸ ಒಂದಿದೆ. ನ್ಯಾಯಮಂಡಳಿಯ ತೀರ್ಪಿನ ಜಾರಿ ನೋಡಿಕೊಳ್ಳಲು ಕೇಂದ್ರ ಸಂಪುಟ 2023ರ ಫೆಬ್ರುವರಿಯಲ್ಲಿ ‘ಪ್ರವಾಹ್’ ಪ್ರಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತು. ಅದರ ತಂಡ 2024ರ ಜುಲೈಯಲ್ಲಿ ಮೂರೂ ರಾಜ್ಯಗಳ ಸ್ಥಳಗಳನ್ನು ನೋಡಿಯೂ ಹೋಯಿತು. ಜುಲೈಯಲ್ಲಿ ಬಂದವರ ಕಣ್ಣಿಗೆ ಬಿದ್ದದ್ದು ಉಕ್ಕುವ ನದಿ. ಅದೇ ತಂಡ ಏಪ್ರಿಲ್‌ನಲ್ಲೂ ಬರಬೇಕು. ಕಣಕುಂಬಿ, ಗಾಂಜೆ, ಓಪಾದಲ್ಲಿ ಹನ್ನೆರಡು ತಿಂಗಳೂ ಹರಿವನ್ನು ಅಳೆದು, ಆ ಅಂಕಿಗಳನ್ನು ತಿಂಗಳಿಗೊಮ್ಮೆ ಕನ್ನಡ, ಕೊಂಕಣಿ, ಮರಾಠಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಮಳೆಗಾಲದ ನೀರನ್ನಷ್ಟೇ ಒಯ್ಯುತ್ತೇವೆ ಎಂಬ ಕರ್ನಾಟಕದ ಮಾತು ನಿಜವಾಗಿದ್ದರೆ ಆ ಅಂಕಿಗಳೇ ಸಾಕ್ಷಿ ಹೇಳುತ್ತವೆ. ಬೇಸಿಗೆಯ ಹರಿವು ಕುಗ್ಗುತ್ತದೆ ಎಂಬ ಗೋವಾದ ಭಯ ನಿಜವಾಗಿದ್ದರೆ ಅದನ್ನೂ ಅವೇ ಹೇಳುತ್ತವೆ. ಅಳತೆ ಬಚ್ಚಿಟ್ಟುಕೊಂಡ ಕಡೆ ಭಾಷಣಕ್ಕೆ ಬೆಲೆ ಬರುತ್ತದೆ, ಅಳತೆ ಎಲ್ಲರ ಕೈಗೆ ಸಿಕ್ಕ ಕಡೆ ಭಾಷಣಕಾರನೂ ಲೆಕ್ಕ ಕೊಡಬೇಕಾಗುತ್ತದೆ. ನವಲಗುಂದದ ರೈತನಿಗೂ ಫೋಂಡಾದ ಗೃಹಿಣಿಗೂ ಇಷ್ಟು ವರ್ಷ ಕೊಟ್ಟಿರುವುದು ವರ್ಷದ ಮೊತ್ತ ಮಾತ್ರ. ತಿಂಗಳ ಲೆಕ್ಕ ಕೇಳುವುದು ಇಬ್ಬರ ಹಕ್ಕೂ ಹೌದು, ಅದನ್ನು ಒಟ್ಟಿಗೇ ಕೇಳಿದರೆ ಸಿಗುವ ಸಂಭವವೂ ಹೆಚ್ಚು.